ಟಿವಿ ನೋಡಿ, ಗೊತ್ತುಮಾಡಿಕೊಂಡು ನೋಡಿ

ಮಕ್ಕಳೇ, ಟಿವಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಆಟಿ ತಿಂಗಳ ಮಳೆ ಹಿಡಿದರೆ ಕೊಡಗಿನ ನಮ್ಮ ನಾಪೋಕ್ಲುವಿನಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಕಾವೇರಿ ಉಕ್ಕಿದರೆ ಮೂರ್ನಾಡಿನ ರಸ್ತೆಗೇ ನೀರು ಬರುತ್ತದೆ. ಅಂಥ ಸಂಜೆ ಕರೆಂಟ್ ಇದ್ದರೆ ಟಿವಿ ಹಾಕಿಯೇ ಹಾಕುತ್ತೀರಿ, ಹಾಕಿ. ನನ್ನ ಮಾತು ಇಷ್ಟೇ: ಏನು ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಕೂರಿ, ಅದು ಮುಗಿದ ಕೂಡಲೇ ಏಳಿ. ಚಾನೆಲ್ ಬದಲಿಸುತ್ತಾ ಕಳೆದ ಗಂಟೆಯಲ್ಲಿ ದಣಿವೂ ಆರುವುದಿಲ್ಲ, ತಲೆಗೂ ಏನೂ ಇಳಿಯುವುದಿಲ್ಲ.

ನಮ್ಮೂರ ಮಕ್ಕಳಿಗೆ ಹಾಕಿಯಿಂದಲೇ ಹೇಳಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ 2024ರಲ್ಲಿ ಕುಂಡ್ಯೋಳಂಡ ಕಪ್ ಆಗಿ ನಾಪೋಕ್ಲುವಿನಲ್ಲೇ ನಡೆದಾಗ 360 ತಂಡಗಳು ಬಂದಿದ್ದವು. ಮೈದಾನದ ಬದಿಯಲ್ಲಿ ನಿಂತು ನೋಡುವ ಸುಖ ಟಿವಿ ಕೊಡುವುದಿಲ್ಲ, ನಿಜ. ಆದರೆ ಟಿವಿಯಲ್ಲಿ ರೀಪ್ಲೇ ಇದೆ. ಅದನ್ನು ಬಳಸಿಕೊಳ್ಳುವವರೇ ಕಡಿಮೆ. ಒಂದು ಪೆನಾಲ್ಟಿ ಕಾರ್ನರ್ ಬಂತೆನ್ನಿ. ಮೊದಲ ಸಲ ಗೋಲು ಬಿತ್ತೋ ಇಲ್ಲವೋ ಎಂದಷ್ಟೇ ಕಣ್ಣಿಗೆ ಬೀಳುತ್ತದೆ. ರೀಪ್ಲೇಯಲ್ಲಿ ಚೆಂಡನ್ನು ಬಿಟ್ಟುಬಿಡಿ. ಗೋಲಿನ ಗೆರೆಯ ಹಿಂದೆ ಗೋಲ್‌ಕೀಪರ್ ಸೇರಿ ಐವರು ನಿಂತಿರುತ್ತಾರೆ. ಅವರಲ್ಲಿ ಮೊದಲು ಓಡಿ ಬಂದವನು ಯಾರು, ಯಾವ ಕೋನ ಮುಚ್ಚಿದ, ಅವನ ಸ್ಟಿಕ್ ನೆಲಕ್ಕೆ ಎಷ್ಟು ಹತ್ತಿರ ಇತ್ತು, ಅದನ್ನು ನೋಡಿ. 2021ರ ಆಗಸ್ಟ್ 5ರ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯ ನೀವೂ ನೋಡಿರಬಹುದು. ಜರ್ಮನಿಯ ಮೇಲೆ ನಾವು 5–4ರಿಂದ ಮುಂದಿದ್ದೆವು. ಕೊನೆಯ ಕ್ಷಣಗಳಲ್ಲಿ ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು. ಆ ತುಣುಕನ್ನು ಇನ್ನೊಮ್ಮೆ ಹಾಕಿಕೊಂಡು, ಶ್ರೀಜೇಶರನ್ನು ಬಿಟ್ಟು ಉಳಿದ ನಾಲ್ವರನ್ನು ಮಾತ್ರ ನೋಡಿ. ಮಳೆ ಬಿಟ್ಟ ದಿನ ಸ್ಟಿಕ್ ಹಿಡಿದು ಅದನ್ನೇ ಬಾಣೆಯ ಹುಲ್ಲುಬಯಲಲ್ಲಿ ಆಡಿ ನೋಡಿ. ಆಗ ಆ ಹೊತ್ತು ನಿಮ್ಮದಾಯಿತು.

ಇನ್ನು ದೂರದರ್ಶನದ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ರಸಪ್ರಶ್ನೆ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ. ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದೇ ಅದಕ್ಕೆ. ನೋಡುವಾಗ ಮಡಿಲಲ್ಲಿ ಒಂದು ನೋಟ್‌ಬುಕ್ ಇರಲಿ. ಸ್ಪರ್ಧಿ ಬಾಯಿ ತೆರೆಯುವ ಮೊದಲೇ ನಿಮ್ಮ ಉತ್ತರ ಬರೆಯಿರಿ. ಬಾಯಲ್ಲಿ ಹೇಳಿದರೆ ‘ನನಗೆ ಗೊತ್ತಿತ್ತು’ ಎಂದು ಆಮೇಲೆ ಜಾರಿಕೊಳ್ಳಬಹುದು, ಬರೆದದ್ದು ಜಾರುವುದಿಲ್ಲ. ತಪ್ಪಿದ್ದನ್ನು ಮರುದಿನ ಶಾಲೆಯ ಲೈಬ್ರರಿಯಲ್ಲಿ ಹುಡುಕಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಇದೇ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಮೊಬೈಲ್ ನೆಟ್‌ವರ್ಕ್ ಸಿಗದ, ತೋಟದ ಕಾರ್ಮಿಕರ ಲೈನ್‌ಮನೆಯ ಮಗುವಿಗೂ ಟಿವಿ ಡಬ್ಬಿಯಿಂದಲೇ ಗಣಿತ ಸಿಗುವಂತಾಯಿತು. ಅದಕ್ಕೇ ಟಿವಿಯನ್ನು ಮೂರ್ಖರ ಪೆಟ್ಟಿಗೆ ಎಂದು ಬೈಯುವುದನ್ನು ನಾನು ಒಪ್ಪುವುದಿಲ್ಲ.

ಸುದ್ದಿ ವಾಹಿನಿಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಇಂಥ ದಿನಗಳಲ್ಲಿ ಪರದೆಯ ಮೇಲೆ ಅದೇ ಮಣ್ಣು, ಅದೇ ಅಳು ತಿರುತಿರುಗಿ ಬರುತ್ತದೆ. ದಿನವಿಡೀ ನೋಡಿದರೆ ಭಯ ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಎಷ್ಟು ಮಳೆಯಾಯಿತು, ಯಾವ ರಸ್ತೆ ಮುಚ್ಚಿದೆ, ಜಿಲ್ಲಾಡಳಿತ ಏನು ಹೇಳಿದೆ, ಇಷ್ಟನ್ನು ಬರೆದುಕೊಂಡು ಟಿವಿ ಆಫ್ ಮಾಡಿ. ಟಿವಿ ಇಲ್ಲದ ಪಕ್ಕದ ಮನೆಗೆ ಹೋಗಿ ಆ ಚೀಟಿಯನ್ನು ಓದಿ ಹೇಳಿ ಬನ್ನಿ.

ಅಜ್ಜಿಯ ಧಾರಾವಾಹಿಯನ್ನು ಕಂಡು ಮೂಗು ಮುರಿಯಬೇಡಿ. ಅವರ ಜೊತೆ ಕೂತು ಮೊರದಲ್ಲಿ ಕಾಫಿ ಬೀಜ ಆರಿಸಿ, ಕಪ್ಪಾದದ್ದು ಒಂದು ಕಡೆ, ಒಡೆದದ್ದು ಒಂದು ಕಡೆ. ಧಾರಾವಾಹಿಗೆ ಕಿವಿ ಸಾಕು, ಕೈ ಖಾಲಿ ಇರುತ್ತದೆ. ಜಾಹೀರಾತು ಬಂದಾಗ ದನಿ ಇಳಿಸಿ, ಅವರ ಕಾಲದ ಹುತ್ತರಿ ಹಬ್ಬ ಹೇಗಿತ್ತೆಂದು ಕೇಳಿ. ಅದನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಆದರೆ ಕೈ ಖಾಲಿ ಇದೆಯೆಂದು ಶಾಲೆಯ ಪಾಠವನ್ನು ಟಿವಿ ಎದುರು ಬಿಚ್ಚಬೇಡಿ, ಎರಡೂ ಕೆಡುತ್ತವೆ.

ಈ ಭಾನುವಾರ ಮನೆಯವರೆಲ್ಲ ಕೂತು ವಾರದಲ್ಲಿ ನೋಡಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಟಿವಿಯ ಪಕ್ಕ ಅಂಟಿಸಿ. ಪಟ್ಟಿಯಲ್ಲಿ ಇಲ್ಲದ್ದನ್ನು ಆ ಒಂದು ವಾರ ಹಾಕಬೇಡಿ.