ಬೀಳುವ ಮೊದಲೇ ಮಾಡಿದ ಪ್ರಾರ್ಥನೆ



ಪ್ರಾರ್ಥನೆ ಬಿಟ್ಟುಬಿಟ್ಟಿದ್ದೇನೆ ಎಂದು ನಿಮ್ಮಲ್ಲಿ ಯಾರಾದರೂ ಹೇಳಿಕೊಂಡಾಗ ನಾನು ಮೊದಲು ಕೇಳುವುದು, ಯಾಕೆ ಎಂದು. ದೇವರಿಲ್ಲ ಅನ್ನಿಸಿತು ಎನ್ನುವವರು ಕಡಿಮೆ. ಹೆಚ್ಚಿನವರು ತಲೆ ತಗ್ಗಿಸಿ ಹೇಳುವ ಮಾತೇ ಬೇರೆ: ಅಂಥ ಕೆಲಸ ಮಾಡಿದ ಮೇಲೆ ದೇವರ ಮುಂದೆ ನಿಲ್ಲಲು ನನಗೆ ಮುಖವಿಲ್ಲ. ಸ್ವಲ್ಪ ದಿನ ಸರಿಯಾಗಿ ಬದುಕಿ ತೋರಿಸಿ, ಆಮೇಲೆ ಬರುತ್ತೇನೆ ಎಂಬ ಲೆಕ್ಕ. ಆ ಸ್ವಲ್ಪ ದಿನ ತಿಂಗಳಾಗುತ್ತದೆ, ವರ್ಷವಾಗುತ್ತದೆ. ಮನೆ ಬಿಟ್ಟು ಬೆಂಗಳೂರಿನ ಪಿಜಿಯಲ್ಲೋ ದುಬೈಯ ಕೊಠಡಿಯಲ್ಲೋ ಇರುವವರಿಗಂತೂ ಭಾನುವಾರ ಆರಾಧನೆಗೆ ಯಾಕೆ ಬರಲಿಲ್ಲ ಎಂದು ಕೇಳುವವರೂ ಇರುವುದಿಲ್ಲ.

ಆ ಲೆಕ್ಕ ತಪ್ಪು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನೀವು ಪ್ರಾರ್ಥಿಸುವುದನ್ನು ನಿಲ್ಲಿಸಿದ ದಿನವೂ ನಿಮಗಾಗಿ ನಡೆಯುವ ಪ್ರಾರ್ಥನೆ ನಿಂತಿಲ್ಲ. ಕ್ರಿಸ್ತನು ತಂದೆಯ ಬಲಗಡೆಯಲ್ಲಿದ್ದು ನಮಗಾಗಿ ವಿಜ್ಞಾಪಿಸುತ್ತಾನೆ, ಪವಿತ್ರಾತ್ಮನು ನಮ್ಮೊಳಗಿದ್ದು ನಮಗಾಗಿ ವಿಜ್ಞಾಪಿಸುತ್ತಾನೆ. ಈ ಎರಡನ್ನೂ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂದೇ ಅಧ್ಯಾಯದಲ್ಲಿ, ಎಂಟನೆಯದರಲ್ಲಿ, ಇಟ್ಟಿದ್ದಾನೆ. ನೀವು ದೃಢೀಕರಣದ ತರಗತಿಯಲ್ಲಿ ಇದನ್ನು ಕಲಿತವರು. ಕಲಿತದ್ದು ಕಷ್ಟದ ರಾತ್ರಿಯಲ್ಲಿ ಕೈಗೆ ಸಿಗುತ್ತಿಲ್ಲ, ಅಷ್ಟೇ.

ಲೂಕನ ಸುವಾರ್ತೆಯ 22ನೇ ಅಧ್ಯಾಯ ತೆಗೆಯಿರಿ. ಪಸ್ಕದ ಊಟ ಮುಗಿದಿದೆ. ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರು ಎಂದು ಆಗಷ್ಟೇ ಜಗಳವಾಡಿದ್ದಾರೆ. ಯೇಸು ಪೇತ್ರನನ್ನು ಅವನ ಹಳೆಯ ಹೆಸರಿನಿಂದ, ಸೀಮೋನನೇ ಎಂದು ಎರಡು ಸಲ ಕರೆಯುತ್ತಾನೆ. ಸೈತಾನನು ನಿಮ್ಮನ್ನೆಲ್ಲ ಗೋದಿಯಂತೆ ಒನೆಯಲು ಅಪ್ಪಣೆ ಕೇಳಿಕೊಂಡಿದ್ದಾನೆ, ನಾನಾದರೋ ನಿನಗೋಸ್ಕರ ಪ್ರಾರ್ಥಿಸಿದ್ದೇನೆ ಎಂಬ ಅರ್ಥದ ಮಾತು ಆಡುತ್ತಾನೆ. ಪೇತ್ರ ಆಗ ಏನು ಹೇಳಿದ? ಸೆರೆಮನೆಗೂ ಮರಣಕ್ಕೂ ನಿನ್ನೊಂದಿಗೆ ಬರಲು ಸಿದ್ಧ ಎಂದ. ರಾತ್ರಿ ಕಳೆಯುವುದರೊಳಗೆ ಮಹಾಯಾಜಕನ ಮನೆಯ ಅಂಗಳದಲ್ಲಿ, ಬೆಂಕಿಯ ಬೆಳಕಿನಲ್ಲಿ, ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಆತನನ್ನು ನಾನರಿಯೆ ಎಂದುಬಿಟ್ಟ. ಮೂರು ಸಲ.

ಇದರ ಅನುಕ್ರಮವನ್ನು ಗಮನಿಸಿ. ಪೇತ್ರ ಜಂಬ ಕೊಚ್ಚಿದ್ದಕ್ಕಿಂತ ಮೊದಲೇ ಆ ಪ್ರಾರ್ಥನೆ ಮುಗಿದಿತ್ತು. ಅವನು ಬಿದ್ದು, ಅತ್ತು, ಕ್ಷಮೆ ಬೇಡಿದ ಮೇಲೆ ಕರ್ತನು ಅವನ ಪರವಾಗಿ ಬಾಯಿ ತೆರೆದನೆಂದು ಲೂಕ ಬರೆಯುವುದಿಲ್ಲ. ಅವನೇನು ಮಾಡಲಿದ್ದಾನೆಂದು ಪೂರ್ತಿಯಾಗಿ ತಿಳಿದೇ ಆತನು ಅವನ ಹೆಸರು ಹಿಡಿದು ಬೇಡಿಕೊಂಡಿದ್ದ. ಇನ್ನೂ ಒಂದು ಮಾತು. ಸೀಮೋನನು ಬೀಳದಿರಲಿ ಎಂದು ಆತನು ಬೇಡಲಿಲ್ಲ. ಅವನ ನಂಬಿಕೆ ಕುಂದಿಹೋಗದಿರಲಿ ಎಂದು ಬೇಡಿದ. ಆ ರಾತ್ರಿ ಪೇತ್ರನ ಧೈರ್ಯ ಕುಸಿಯಿತು, ಮಾತು ಸುಳ್ಳಾಯಿತು, ಮಾನ ಹೋಯಿತು. ನಂಬಿಕೆ ಮಾತ್ರ ಉಳಿಯಿತು. ಕೋಳಿ ಕೂಗಿದಾಗ ಕರ್ತನು ತಿರುಗಿ ಅವನನ್ನು ನೋಡಿದನೆಂದು ನಾಲ್ವರು ಸುವಾರ್ತಿಕರಲ್ಲಿ ಲೂಕನೊಬ್ಬನೇ ಬರೆದಿದ್ದಾನೆ. ಪೇತ್ರ ಹೊರಗೆ ಹೋಗಿ ಬಹಳ ವ್ಯಥೆಪಟ್ಟು ಅತ್ತ. ಆ ಅಳು ನಂಬಿಕೆ ಸತ್ತವನ ಅಳು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂಬ ಕೆಲಸವನ್ನೂ ಊಟದ ಮೇಜಿನಲ್ಲೇ ಆತನು ಒಪ್ಪಿಸಿಬಿಟ್ಟಿದ್ದ. ತಿರುಗಿಕೊಂಡರೆ ನೋಡೋಣ ಎನ್ನಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ ಅದೇ ಯೆರೂಸಲೇಮಿನಲ್ಲಿ ಅದೇ ಪೇತ್ರ ಎದ್ದು ನಿಂತು ಸಾರಿದ. ಆ ದಿನ ಸುಮಾರು 3,000 ಮಂದಿ ದೀಕ್ಷಾಸ್ನಾನ ಹೊಂದಿದರು.

ಅದು ಪೇತ್ರನ ಕತೆ, ಅಪೊಸ್ತಲನ ಕತೆ, ನನಗೆಲ್ಲಿ ಅಂಥ ಭಾಗ್ಯ ಎನ್ನಬೇಡಿ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯ ಪೂರ್ತಿ ಅದೇ ರಾತ್ರಿಯ ಪ್ರಾರ್ಥನೆ. ಮೊದಲು ತನ್ನ ವಿಷಯ, ಆಮೇಲೆ ಜೊತೆಯಲ್ಲಿದ್ದ ಶಿಷ್ಯರ ವಿಷಯ. 20ನೇ ವಚನಕ್ಕೆ ಬಂದಾಗ ಈ ಶಿಷ್ಯರ ಮಾತು ಕೇಳಿ ಮುಂದೆ ನಂಬುವವರಿಗಾಗಿಯೂ ಬೇಡುತ್ತೇನೆ ಎನ್ನುತ್ತಾನೆ. ಆ ಸಾಲಿನಲ್ಲಿ ನೀವಿದ್ದೀರಿ. ಲೋಕದಿಂದ ಇವರನ್ನು ಎತ್ತಿಕೊಂಡುಬಿಡು ಎಂದು ಆತನು ಕೇಳುವುದಿಲ್ಲ, ಲೋಕದಲ್ಲಿಟ್ಟೇ ಕೆಡುಕನಿಂದ ಕಾಪಾಡು ಎಂದು ಕೇಳುತ್ತಾನೆ. ನೈಟ್ ಶಿಫ್ಟಿನಲ್ಲಿ, ಹಾಸ್ಟೆಲಿನಲ್ಲಿ, ಯಾರೂ ಗುರುತಿಸದ ಊರಿನಲ್ಲಿ ಬದುಕುತ್ತಿರುವ ನಿಮಗೆ ಇದಕ್ಕಿಂತ ತಕ್ಕ ಪ್ರಾರ್ಥನೆ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಕಿತ್ತುಹಾಕಬೇಕು. ತಂದೆ ಕೋಪದಿಂದ ಕೂತಿದ್ದಾನೆ, ಮಗ ಕಾಲು ಹಿಡಿದು ಸಮಾಧಾನಪಡಿಸುತ್ತಿದ್ದಾನೆ ಎಂಬ ಚಿತ್ರ ಬಹಳ ಮಂದಿಯ ಮನಸ್ಸಿನಲ್ಲಿದೆ. ಸರಕಾರಿ ಕಚೇರಿಯಲ್ಲಿ ಪರಿಚಯದವರಿಂದ ಒಂದು ಮಾತು ಹೇಳಿಸಿದರೆ ಕೆಲಸವಾಗುತ್ತದೆ ಎಂಬಂತೆ ನಾವು ಮಧ್ಯಸ್ಥಿಕೆಯನ್ನು ತಿಳಿದುಕೊಂಡಿದ್ದೇವೆ. ಅದೇ ರಾತ್ರಿ ಯೇಸು ಶಿಷ್ಯರಿಗೆ, ತಂದೆಯೇ ನಿಮ್ಮನ್ನು ಪ್ರೀತಿಸುತ್ತಾನೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಮಗನನ್ನು ಕಳುಹಿಸಿದವನೇ ತಂದೆ. ಆತನ ಮನಸ್ಸು ಒಲಿಸಬೇಕಾದ ಕೆಲಸ ಯಾರಿಗೂ ಇಲ್ಲ.

ಹಾಗಾದರೆ ಕ್ರಿಸ್ತನು ಈಗ ಮಾಡುತ್ತಿರುವುದೇನು? ಇಬ್ರಿಯರಿಗೆ ಬರೆದ ಪತ್ರಿಕೆ ಇದನ್ನು ಹಳೆಯ ಒಡಂಬಡಿಕೆಯ ಮಹಾಯಾಜಕನನ್ನು ಇಟ್ಟುಕೊಂಡು ವಿವರಿಸುತ್ತದೆ. ವಿಮೋಚನಕಾಂಡದ 28ನೇ ಅಧ್ಯಾಯ ನೋಡಿ. ಆರೋನನು ಪವಿತ್ರಸ್ಥಳಕ್ಕೆ ಹೋಗುವಾಗ ಎರಡು ಭುಜಗಳ ಮೇಲೆ ಎರಡು ರತ್ನ, ಒಂದೊಂದರಲ್ಲಿ ಆರು ಕುಲಗಳ ಹೆಸರು. ಎದೆಪದಕದಲ್ಲಿ ಮತ್ತೆ ಹನ್ನೆರಡು ರತ್ನ, ಒಂದೊಂದರಲ್ಲಿ ಒಂದೊಂದು ಕುಲದ ಹೆಸರು. ಜನರು ಹೊರಗೆ ಡೇರೆಗಳಲ್ಲಿ ಅಡುಗೆ ಮಾಡುತ್ತಲೋ ಜಗಳವಾಡುತ್ತಲೋ ಇದ್ದಿರಬಹುದು. ಅವರ ಹೆಸರು ಮಾತ್ರ ದೇವಸನ್ನಿಧಿಯಲ್ಲಿತ್ತು, ಭಾರ ಹೊರುವ ಹೆಗಲ ಮೇಲೆ, ಬಡಿಯುವ ಎದೆಯ ಮೇಲೆ. ಮಹಾಪವಿತ್ರಸ್ಥಳದೊಳಕ್ಕಾದರೋ ಮಹಾಯಾಜಕನು ವರ್ಷಕ್ಕೊಂದೇ ದಿನ, ಏಳನೆಯ ತಿಂಗಳ ಹತ್ತನೆಯ ದಿನ, ಬರೀ ನಾರುಬಟ್ಟೆ ತೊಟ್ಟು, ಧೂಪದ ಹೊಗೆಯ ಮರೆಯಲ್ಲಿ, ರಕ್ತ ಹಿಡಿದು ಹೋಗಿ ಹೊರಬರುತ್ತಿದ್ದ. ಮರುವರ್ಷ ಮತ್ತೆ ಅದೇ.

ಕ್ರಿಸ್ತನಾದರೋ ಒಂದೇ ಸಲ, ತನ್ನ ಸ್ವಂತ ರಕ್ತದೊಂದಿಗೆ ಪರಲೋಕಕ್ಕೇ ಪ್ರವೇಶಿಸಿ ಕುಳಿತುಕೊಂಡನು ಎನ್ನುತ್ತದೆ ಆ ಪತ್ರಿಕೆ. ಹಳೆಯ ಯಾಜಕರು ದಿನದಿನವೂ ನಿಂತೇ ಇದ್ದರು, ಅವರ ಕೆಲಸಕ್ಕೆ ಕೊನೆಯಿರಲಿಲ್ಲ. ಕುಳಿತವನ ಯಜ್ಞ ಮುಗಿದಿದೆ. ನಮ್ಮ ಪಕ್ಷದ ವಾದ ಆತನು ಹೊಸದಾಗಿ ಹುಡುಕುವ ಮಾತುಗಳ ಮೇಲೆ ನಿಂತಿಲ್ಲ. ಗಾಯಗೊಂಡ ಆ ದೇಹದೊಂದಿಗೆ ಆತನು ಅಲ್ಲಿರುವುದೇ ವಾದ. ಕ್ರಿಸ್ತನು ಮೊಣಕಾಲೂರಿ ಗೋಗರೆಯುತ್ತಿದ್ದಾನೆಂದು ಕಲ್ಪಿಸಿಕೊಳ್ಳಬೇಡಿ ಎಂದು ಸುಧಾರಕ ಕ್ಯಾಲ್ವಿನ್ ಕೂಡ 1559ರಲ್ಲಿ ಪೂರ್ಣಗೊಳಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಎಚ್ಚರಿಸಿದ್ದಾನೆ. ಆದರೂ ಆತನು ಸುಮ್ಮನೆ ಕುಳಿತಿಲ್ಲ. ನಮಗಾಗಿ ವಿಜ್ಞಾಪಿಸುವುದಕ್ಕೆ ಯಾವಾಗಲೂ ಬದುಕಿದ್ದಾನೆ ಎಂದು ಇಬ್ರಿಯ ಪತ್ರಿಕೆಯ ಏಳನೆಯ ಅಧ್ಯಾಯ ಹೇಳುತ್ತದೆ. ಪರಲೋಕದ ಮಹಿಮೆಗೆ ಹೋದವನಿಗೆ ಭೂಮಿಯ ಪಾಪಿಗಳ ಮೇಲಿನ ಮರುಕ ಕಡಿಮೆಯಾಯಿತೇನೋ ಎಂಬ ಅಂಜಿಕೆ ಹಿಂದಿನವರಿಗೂ ಇತ್ತು. ಇಂಗ್ಲೆಂಡಿನ ಥಾಮಸ್ ಗುಡ್ವಿನ್ ಆ ಅಂಜಿಕೆಯೊಂದಕ್ಕೇ ಉತ್ತರವಾಗಿ 17ನೇ ಶತಮಾನದಲ್ಲಿ ಒಂದು ಇಡೀ ಪುಸ್ತಕ ಬರೆದ. ಅವನು ಊರಿಕೊಂಡದ್ದು ಇಬ್ರಿಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಮೇಲೆ: ನಮ್ಮ ಬಲಹೀನತೆ ಆತನಿಗೆ ಒಳಗಿನಿಂದ ಗೊತ್ತು, ನಮ್ಮ ಶೋಧನೆಗಳನ್ನೆಲ್ಲ ಆತನು ಪಾಪವಿಲ್ಲದೆ ಅನುಭವಿಸಿದ್ದಾನೆ.

ಸಂತರಲ್ಲಿ, ಮರಿಯಮ್ಮನವರಲ್ಲಿ ಬೇಡಿಕೊಳ್ಳುವ ಕಥೋಲಿಕ ಗೆಳೆಯರೊಂದಿಗೆ ಈ ವಿಷಯಕ್ಕೆ ಜಗಳಕ್ಕಿಳಿಯಬೇಡಿ. ನಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲ, ನಾನೂ ಅದನ್ನು ಅನುಸರಿಸುವುದಿಲ್ಲ. ಆದರೆ ಕ್ರಿಸ್ತನೊಬ್ಬನೇ ಮಧ್ಯಸ್ಥನು, ಬೇರೆ ಯಾರ ಬಿನ್ನಹವೂ ಅದರಿಂದ ಏನನ್ನೂ ಕಳೆಯುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆಯೇ 1964ರಲ್ಲಿ ಬರೆದಿಟ್ಟಿದೆ.

ಕ್ರಿಸ್ತನೇ ಬೇಡುತ್ತಿರುವಾಗ ನಾನ್ಯಾಕೆ ಬೇಡಬೇಕು ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಲೂಕನ ಅದೇ 22ನೇ ಅಧ್ಯಾಯದಲ್ಲಿದೆ. ನಿನಗಾಗಿ ಪ್ರಾರ್ಥಿಸಿದ್ದೇನೆ ಎಂದು ಪೇತ್ರನಿಗೆ ಹೇಳಿದವನೇ, ಎಣ್ಣೆಮರಗಳ ಗುಡ್ಡಕ್ಕೆ ಬಂದ ಮೇಲೆ, ಶೋಧನೆಗೆ ಒಳಗಾಗದಂತೆ ಪ್ರಾರ್ಥಿಸಿರಿ ಎಂದು ಶಿಷ್ಯರಿಗೆ ಎರಡು ಸಲ ಹೇಳಿದ. ಅವರು ನಿದ್ದೆಹೋದರು. ಆತನ ವಿಜ್ಞಾಪನೆ ನಮಗೆ ರಜೆ ಕೊಡುವುದಿಲ್ಲ, ದಾರಿ ತೆರೆಯುತ್ತದೆ. ಪಾಪಮಾಡಿದರೂ ಚಿಂತೆಯಿಲ್ಲ ಎಂಬ ಸಡಿಲಿಕೆಯೂ ಇದರಲ್ಲಿಲ್ಲ. ಪಾಪಮಾಡಬಾರದೆಂದೇ ಇದನ್ನು ಬರೆಯುತ್ತೇನೆ ಎಂದು ಹೇಳಿದ ಮೇಲೆಯೇ ಯೋಹಾನನು ತನ್ನ ಮೊದಲ ಪತ್ರಿಕೆಯಲ್ಲಿ ತಂದೆಯ ಬಳಿ ನಮಗಿರುವ ಸಹಾಯಕನ ಮಾತೆತ್ತುವುದು. ನೀವು ಯಾರಿಗಾದರೂ ಮೋಸಮಾಡಿದ್ದರೆ ಹಣ ಹಿಂದಿರುಗಿಸಿ, ಮನಸ್ಸು ನೋಯಿಸಿದ್ದರೆ ಹೋಗಿ ಕ್ಷಮೆ ಕೇಳಿ. ಪರಲೋಕದಲ್ಲಿ ವಕಾಲತ್ತು ಇದೆಯೆಂದು ಭೂಮಿಯ ಸಾಲ ತೀರುವುದಿಲ್ಲ.

ಈಗ ಮಾತೇ ಬಾರದವರ ವಿಷಯ. ಅಪ್ಪನನ್ನು ಕಳೆದುಕೊಂಡವರು, ಕೆಲಸ ಹೋದವರು, ಪ್ರೀತಿ ಮುರಿದವರು, ಮಂಡಿಯೂರಿದರೆ ಬಾಯಿಂದ ಶಬ್ದ ಹೊರಡುವುದಿಲ್ಲ ಎನ್ನುತ್ತಾರೆ. ರೋಮಾಪುರದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಮೂರು ನರಳಾಟಗಳಿವೆ. ಸೃಷ್ಟಿ ನರಳುತ್ತದೆ, ನಾವು ನರಳುತ್ತೇವೆ, ಪವಿತ್ರಾತ್ಮನೂ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ದೇವರು ದೂರದಿಂದ ನಿಮ್ಮ ಮೌನಕ್ಕೆ ಕಿವಿಗೊಡುತ್ತಿಲ್ಲ. ಮೌನದೊಳಗೇ ಇದ್ದಾನೆ.

ಕ್ರಿ.ಶ. 410ರಲ್ಲಿ ಗೋಥರ ದೊರೆ ಅಲಾರಿಕ್ ರೋಮನ್ನು ಸೂರೆಮಾಡಿದಾಗ ಪ್ರೋಬಾ ಎಂಬ ಸಿರಿವಂತ ವಿಧವೆ ಆಫ್ರಿಕಾಕ್ಕೆ ಓಡಿಬಂದಳು. ಹೇಗೆ ಪ್ರಾರ್ಥಿಸಬೇಕು ಎಂಬ ಆಕೆಯ ಕೋರಿಕೆಗೆ ಹಿಪ್ಪೋದ ಬಿಷಪ್ ಅಗಸ್ಟೀನ್ ಉದ್ದನೆಯ ಪತ್ರ ಬರೆದರು. ಏನನ್ನು ಬೇಡಬೇಕೋ ನಮಗೆ ತಿಳಿಯದು ಎಂಬ ಪೌಲನ ಮಾತನ್ನು ಅದರಲ್ಲಿ ಎತ್ತಿಕೊಂಡು, ಪೌಲನೇ ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿ ಬೇರೆ ಉತ್ತರ ಪಡೆದದ್ದನ್ನು ನೆನಪಿಸುತ್ತಾರೆ. ಅಷ್ಟು ದೊಡ್ಡವನಿಗೇ ತನಗೆ ಯಾವುದು ಒಳ್ಳೆಯದೆಂದು ತಿಳಿಯದಿದ್ದಾಗ ನಮಗೆ ತಿಳಿಯದಿರುವುದು ದೊಡ್ಡ ಮಾತಲ್ಲ. ಈಜಿಪ್ಟಿನ ಸಹೋದರರು ಬಲು ಚಿಕ್ಕ ಪ್ರಾರ್ಥನೆಗಳನ್ನು ಮೇಲಿಂದ ಮೇಲೆ ಮಾಡುತ್ತಾರೆಂದೂ ಅಗಸ್ಟೀನ್ ಬರೆಯುತ್ತಾರೆ. ನನ್ನ ಸಲಹೆಯೂ ಅದೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತಾಗ, ಲಿಫ್ಟಿನಲ್ಲಿ, ನಿದ್ದೆ ಬಾರದ ಎರಡು ಗಂಟೆಗೆ, ಕರ್ತನೇ ಕರುಣಿಸು ಎಂದರೆ ಸಾಕು. ಮಿಕ್ಕದ್ದನ್ನು ಆತ್ಮನು ಬೇಡುತ್ತಾನೆ. ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರ ಹತ್ತಿರ ಹೋಗಿ, ಮನೆಯವರಿಗೆ ತಿಳಿಸಿ. ಅದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ.

ಬಿದ್ದ ಮರುದಿನದ ಬೆಳಿಗ್ಗೆ ಬಹಳ ಮುಖ್ಯ. ಅಂದು ತಪ್ಪದೆ ಪ್ರಾರ್ಥಿಸಿ. ಒಳ್ಳೆಯತನ ಸಂಪಾದಿಸಿಕೊಂಡು ಬರಲು ಕಾಯಬೇಡಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ನಿಮ್ಮ ಹೆಸರಿನಲ್ಲಿ ಮಾತು ಆಗಲೇ ನಡೆಯುತ್ತಿರುವ ಕೋಣೆಗೆ ನೀವು ಕಾಲಿಡುತ್ತೀರಿ.

ಆಮೇಲೆ ಇನ್ನೊಬ್ಬರಿಗಾಗಿ ಬೇಡಲು ತೊಡಗಿ, ಹೆಸರು ಹಿಡಿದು. ಆರೋನನ ಎದೆಯ ಮೇಲೆ ಹೆಸರುಗಳಿದ್ದವು, ಯೇಸು ಸೀಮೋನನೇ ಎಂದು ಕರೆದ. ಜೊತೆಯಲ್ಲಿ ಕೆಲಸ ಮಾಡುವವರು, ನಿಮ್ಮನ್ನು ಸತಾಯಿಸುವ ಮ್ಯಾನೇಜರ್, ಮಾತು ಬಿಟ್ಟ ಅಣ್ಣ, ಎಲ್ಲರೂ ಇರಲಿ. ಅಪೊಸ್ತಲರ ಕೃತ್ಯಗಳ ಏಳನೆಯ ಅಧ್ಯಾಯದಲ್ಲಿ ಸ್ತೆಫನನು ಕಣ್ಣೆತ್ತಿ ನೋಡಿದಾಗ, ಕುಳಿತಿದ್ದಾನೆಂದು ನಾವು ಹೇಳುವ ಕ್ರಿಸ್ತನು ದೇವರ ಬಲಗಡೆಯಲ್ಲಿ ನಿಂತಿದ್ದ. ತನ್ನ ಸಾಕ್ಷಿಯ ಪರವಾಗಿ ಎದ್ದು ನಿಂತನೆಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ, ನಾನೂ ಹಾಗೇ ನಂಬುತ್ತೇನೆ. ಅದನ್ನು ಕಂಡ ಸ್ತೆಫನನು ಕಲ್ಲೇಟುಗಳ ನಡುವೆ ಮೊಣಕಾಲೂರಿ, ಕಲ್ಲೆಸೆಯುವವರ ಮೇಲೆ ಆ ಪಾಪ ಹೊರಿಸಬೇಡ ಎಂದು ಬೇಡಿಕೊಂಡ. ಅವರ ಬಟ್ಟೆಗಳನ್ನು ಕಾಯುತ್ತ ಅಲ್ಲೇ ನಿಂತಿದ್ದ ಯುವಕನ ಹೆಸರು ಸೌಲ. ಕ್ರಿಸ್ತನೂ ಆತ್ಮನೂ ನಮಗಾಗಿ ವಿಜ್ಞಾಪಿಸುತ್ತಾರೆಂದು ಮುಂದೆ ರೋಮಾಪುರದವರಿಗೆ ಬರೆದವನು ಅವನೇ.