ಹೊರದೇಶಕ್ಕೆ ದುಡಿಯಾಕ ಹೋಗೋ ಮುನ್ನ



ನಮ್ಮ ಹೊಳೆಮಣ್ಣೂರಿನ ಮಗ್ಗುಲಲ್ಲೇ ಮಲಪ್ರಭಾ ಹೊಳೆ ಹರಿಯುತ್ತದೆ. ಆದರೂ ನಮ್ಮ ಬದುಕು ಮಳೆಯನ್ನೇ ನಂಬಿದೆ. ಮಳೆ ಬಾರದಿದ್ದರೆ ಬೆಳೆ ಒಣಗುತ್ತದೆ. ಮಳೆ ಅತಿಯಾದರೆ ಹೊಳೆ ಉಕ್ಕುತ್ತದೆ. 2009ರಲ್ಲಿ ಉಕ್ಕಿತು. 2019ರಲ್ಲಿ ಮತ್ತೆ ಉಕ್ಕಿತು. ಹೊಳೆ ದಂಡೆಯ ಊರುಗಳ ಹೊಲ, ಮನೆ ನೀರುಪಾಲಾದವು.

ಮಳೆ ಚಲೋ ಆದ ವರ್ಷವೂ ದುಡಿಮೆ ವರ್ಷವಿಡೀ ಇರುವುದಿಲ್ಲ. ಕಡಲೆ ಕಿತ್ತು, ಜೋಳದ ಸುಗ್ಗಿ ಮುಗಿದರೆ ಕೈಗೆ ಕೆಲಸವಿಲ್ಲ. ಆಗ ಜನ ಗಂಟು ಕಟ್ಟುತ್ತಾರೆ. ಗೋವಾ, ಮಂಗಳೂರು, ಬೆಂಗಳೂರು ಅಂತ ಗುಳೆ ಹೋಗುತ್ತಾರೆ. ಮಳೆಗಾಲ ಬಂದಾಗ ತಿರುಗಿ ಬರುತ್ತಾರೆ.

ಈಗ ಇನ್ನೊಂದು ಮಾತು ಕೇಳಿಬರುತ್ತದೆ. "ದುಬೈಗೆ ಹೋಗ್ರಿ, ಕುವೈತಿಗೆ ಹೋಗ್ರಿ. ಎರಡು ವರ್ಷ ದುಡದರ ಸಾಲ ಹರೀತದ." ಈ ಮಾತು ನಿಜವೂ ಆಗಬಹುದು. ಮೋಸವೂ ಆಗಬಹುದು. ಯಾವುದು ನಿಜ, ಯಾವುದು ಮೋಸ ಅಂತ ತಿಳಿಯುವುದು ಹೇಗೆ? ಇವತ್ತು ಅದನ್ನು ಕಲಿಯೋಣ.

ಗೋವಾ ಬೇರೆ, ಕುವೈತ್ ಬೇರೆ

ಗೋವಾದಲ್ಲಿ ಮೇಸ್ತ್ರಿ ಪಗಾರ ಕೊಡಲಿಲ್ಲ ಅನ್ನಿ. ನಾವು ಜಗಳ ಮಾಡುತ್ತೇವೆ. ಆಗಲೂ ಕೊಡದಿದ್ದರೆ ಬಸ್ಸು ಹತ್ತಿ ಊರಿಗೆ ಬರುತ್ತೇವೆ. ಹೊರದೇಶದಿಂದ ಹಾಗೆ ಬರಲಾಗದು. ಅಲ್ಲಿ ಇರಲು ಅನುಮತಿ ಬೇಕು. ದುಡಿಯಲು ಅನುಮತಿ ಬೇಕು. ಅರಬ ದೇಶಗಳಲ್ಲಿ ಈ ಅನುಮತಿ ಹೆಚ್ಚಾಗಿ ಒಬ್ಬ ಮಾಲೀಕನ ಹೆಸರಿಗೇ ಅಂಟಿಕೊಂಡಿರುತ್ತದೆ. ಅವನ ಮನೆ ಬಿಟ್ಟು ಓಡಿದರೆ ನಾವೇ ಕಾನೂನು ಮುರಿದಂತೆ ಆಗಬಹುದು.

ಅದಕ್ಕೇ ಹೊರದೇಶದ ದುಡಿಮೆಗೆ ಕೈಯ ಬಲ ಒಂದೇ ಸಾಲದು. ಕಾಗದದ ಬಲವೂ ಬೇಕು.

ಒಂದು ಮಾತುಕತೆ

ಊರಿಗೆ ಒಬ್ಬ ಏಜೆಂಟ ಬಂದ ಅಂತ ತಿಳಿಯೋಣ. ಅಕ್ಷರ ಕಲಿತ ಒಬ್ಬ ಅಕ್ಕ ಅವನ ಜೊತೆ ಹೀಗೆ ಮಾತಾಡುತ್ತಾಳೆ. ಇಬ್ಬರು ನಿಂತು ಗಟ್ಟಿಯಾಗಿ ಓದಿರಿ.

ಏಜೆಂಟ: ಅಕ್ಕಾರ, ದುಬೈದಾಗ ಮನಿಗೆಲಸ ಐತ್ರಿ. ಊಟ, ವಸತಿ ಪುಕ್ಕಟೆ. ಬರೇ 60,000 ರೂಪಾಯಿ ಖರ್ಚು.

ಅಕ್ಕ: ಯಾವ ವೀಸಾ ಕೊಡಸ್ತೀರಿ ಅಣ್ಣಾರ?

ಏಜೆಂಟ: ಸದ್ಯಕ್ಕ ಭೇಟಿ ವೀಸಾ. ಅಲ್ಲಿ ಹೋದಮ್ಯಾಲೆ ಕೆಲಸದ ವೀಸಾ ಮಾಡಸ್ತೀವಿ.

ಅಕ್ಕ: ಕರಾರು ಪತ್ರ ಎಲ್ಲೈತ್ರಿ?

ಏಜೆಂಟ: ಅದೂ ಅಲ್ಲೇ ಕೊಡತಾರ. ನೀವು ಇಲ್ಲಿ ಸಹಿ ಮಾಡ್ರಿ ಸಾಕು.

ಅಕ್ಕ: ಓದಲಾರದ ಕಾಗದಕ್ಕ ನಾ ಸಹಿ ಮಾಡೂದಿಲ್ರಿ. ನಿಮ್ಮ ಪರವಾನಿಗಿ ನಂಬರ ಬರಕೊಡ್ರಿ. ಕೇಳಿ ನೋಡಿ ಆಮ್ಯಾಲೆ ಹೇಳ್ತೀನಿ.

ಅಕ್ಕ ಮಾಡಿದ್ದು ಸರಿ. ಭೇಟಿ ವೀಸಾ ಎಂದರೆ ನೋಡಿ ಬರುವ ಅನುಮತಿ. ಅದರ ಮೇಲೆ ದುಡಿಯುವಂತಿಲ್ಲ. ಭಾರತದ ಹೆಣ್ಣುಮಕ್ಕಳನ್ನು ಭೇಟಿ ವೀಸಾದ ಮೇಲೆ ದುಬೈಗೆ ಒಯ್ದು, ಅಲ್ಲಿಂದ ಒಮಾನ್ ದೇಶಕ್ಕೆ ಸಾಗಿಸಿ, ಮನೆಗಳಲ್ಲಿ ಕೂಡಿಹಾಕಿ ದುಡಿಸಿದ ಪ್ರಕರಣಗಳು ನಡೆದಿವೆ.

ಯಾವ ಕಾಗದ ಬೇಕು?

ಮೊದಲನೆಯದು ಪಾಸ್‌ಪೋರ್ಟ್. ಇದು ನಮ್ಮ ಗುರುತಿನ ಪುಸ್ತಕ. ನಮ್ಮ ಕಡೆಯವರಿಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ದೊಡ್ಡವರ 36 ಪುಟದ ಸಾದಾ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ಯಾರಾದರೂ ಹತ್ತು ಸಾವಿರ ಕೇಳಿದರೆ ಈ ಅಂಕಿ ನೆನಪಿಡಿ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ಎಂಬ ವರ್ಗಕ್ಕೆ ಸೇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ವರ್ಗದವರೇ. ಇದು ಅವಮಾನವಲ್ಲ. ಓದು ಕಡಿಮೆ ಇದ್ದವರಿಗೆ ಮೋಸ ಆಗಬಾರದು ಅಂತ ಮಾಡಿದ ಬೇಲಿ. ಸೌದಿ, ಕುವೈತ್, ಒಮಾನ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ಇಂಥವರು ದುಡಿಯಲು ಹೋಗುವ ಮುನ್ನ ಸರ್ಕಾರದ ಒಪ್ಪಿಗೆ ಪಡೆಯಬೇಕು. ದುಬೈ ಇರುವ ದೇಶವೂ ಈ 18ರಲ್ಲಿ ಸೇರಿದೆ.

ಒಪ್ಪಿಗೆ ಕೊಡುವವರು ವಲಸೆ ರಕ್ಷಣಾಧಿಕಾರಿ. 1983ರ ವಲಸೆ ಕಾಯ್ದೆಯಿಂದ ಈ ವ್ಯವಸ್ಥೆ ಬಂತು. ಅವರ ಕಚೇರಿ ಬೆಂಗಳೂರಿನಲ್ಲಿದೆ.

ಹೆಣ್ಣುಮಕ್ಕಳಿಗೆ ಇನ್ನೂ ಎರಡು ನಿಯಮಗಳಿವೆ. ಇಸಿಆರ್ ಪಾಸ್‌ಪೋರ್ಟ್ ಇದ್ದವರಿಗೆ ಈ ದೇಶಗಳಲ್ಲಿ ದುಡಿಯಲು 30 ವರ್ಷ ತುಂಬಿರಬೇಕು. ಸರ್ಕಾರ ಗೊತ್ತುಮಾಡಿದ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಅಂದರೆ, ಇಂಥ ಹೆಣ್ಣುಮಗಳನ್ನು ಖಾಸಗಿ ಏಜೆಂಟ ತಾನೇ ಕಳಿಸುವಂತಿಲ್ಲ. ಅವನು "ನಾ ಕಳಸ್ತೀನಿ" ಅಂದನೋ, ಮೋಸ ಅಲ್ಲೇ ಗೊತ್ತಾಯಿತು.

ಗಂಡ, ಮಗ, ಅಣ್ಣ ತಮ್ಮ ಹೋಗುವುದಿದ್ದರೆ ಪರವಾನಿಗೆ ಇದ್ದ ಏಜೆಂಟನ ಮೂಲಕ ಹೋಗಬಹುದು. ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ ತೆರಿಗೆ 5,400. ಒಟ್ಟು 35,400. ಕೊಟ್ಟ ಹಣಕ್ಕೆ ಪಾವತಿ ಬರೆಸಿಕೊಳ್ಳಬೇಕು. ಪಾವತಿ ಕೊಡಲಾರದವನಿಗೆ ದುಡ್ಡು ಕೊಡಬಾರದು.

ಎರಡನೆಯದು ಕೆಲಸದ ವೀಸಾ. ಅದು ಕೆಲಸದ್ದೋ, ಭೇಟಿಯದ್ದೋ ತಿಳಿದವರಿಂದ ಓದಿಸಿಕೊಳ್ಳಿ.

ಮೂರನೆಯದು ಕರಾರು ಪತ್ರ. ಕೆಲಸ ಯಾವುದು, ಪಗಾರ ಎಷ್ಟು, ದಿನಕ್ಕೆ ಎಷ್ಟು ತಾಸು, ವಾರದ ರಜೆ ಯಾವಾಗ, ತಿರುಗಿ ಬರುವ ಟಿಕೆಟಿನ ಖರ್ಚು ಯಾರದು? ಇವೆಲ್ಲ ಅದರಲ್ಲಿ ಬರೆದಿರಬೇಕು. ಇಂಗ್ಲಿಷ್, ಅರಬ್ಬಿ ಬಾರದಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಮಾಡಿರಿ.

ನಾಲ್ಕನೆಯದು ವಿಮೆ. ಇಸಿಆರ್ ಪಾಸ್‌ಪೋರ್ಟಿನ ಮೇಲೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ ಬರುತ್ತದೆ.

ಎಲ್ಲ ಕಾಗದಗಳ ಝೆರಾಕ್ಸ್ ಮಾಡಿಸಿರಿ. ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿ ಇರಲಿ.

ಲೆಕ್ಕ ಮಾಡೋಣ

ಹೋಗುವ ಖರ್ಚಿಗೆ 60,000 ರೂಪಾಯಿ ಸಾಲ ತಂದೆವು ಅನ್ನಿ. ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ.

ಒಂದು ತಿಂಗಳ ಬಡ್ಡಿ 1,800 ರೂಪಾಯಿ.
ಒಂದು ವರ್ಷದ ಬಡ್ಡಿ 21,600 ರೂಪಾಯಿ.

ಅಲ್ಲಿ ಮೊದಲ ನಾಲ್ಕು ತಿಂಗಳು ಪಗಾರ ಬರಲಿಲ್ಲ ಅಂದರೆ 7,200 ರೂಪಾಯಿ ಬಡ್ಡಿಯೇ ಬೆಳೆಯಿತು. ಅಸಲು ಹಾಗೇ ಉಳಿಯಿತು. ಇಲ್ಲಿ ಮನೆಯಲ್ಲಿ ಉಳಿದವರು ಯಾರು? ಮಕ್ಕಳನ್ನು ನೋಡುವವರು ಯಾರು? ಈ ಲೆಕ್ಕವನ್ನೂ ಮನೆಯವರೆಲ್ಲ ಕೂತು ಮಾಡಬೇಕು.

ಅಲ್ಲಿ ತೊಂದರೆ ಬಂದರೆ

ಹೊರದೇಶಕ್ಕೆ ಹೋಗಿ ದುಡಿದು ಬರುವ ಬಡವರು ನಮ್ಮ ನಾಡಿನಲ್ಲಿ ಮೊದಲಿಂದಲೂ ಇದ್ದಾರೆ. ಹಕ್ಕಿಪಿಕ್ಕಿ ಜನ ತಲೆಗೂದಲಿನ ಎಣ್ಣೆ, ನಾರುಬೇರಿನ ಔಷಧಿ ಹೊತ್ತು ಆಫ್ರಿಕಾ ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಹತ್ತಿತು. ಹಲವು ಹಕ್ಕಿಪಿಕ್ಕಿ ಕುಟುಂಬದವರು ಅಲ್ಲಿ ಸಿಕ್ಕಿಬಿದ್ದರು. ಅನ್ನ ನೀರಿಗೂ ಕಷ್ಟವಾಯಿತು. ಅವರು ಫೋನಿನಲ್ಲಿ ಊರಿಗೆ ಸುದ್ದಿ ಮುಟ್ಟಿಸಿದರು. ಭಾರತ ಸರ್ಕಾರ "ಆಪರೇಷನ್ ಕಾವೇರಿ" ಎಂಬ ಹೆಸರಿನಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಸುಡಾನಿನಿಂದ ಕರೆತಂದಿತು. ದೂರ ಹೋದವರು ಯಾವ ಊರಲ್ಲಿ, ಯಾರ ಹತ್ತಿರ ಇದ್ದಾರೆ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ದುಡಿಯುವವರಿಗೆ ಅಲ್ಲಿಯೂ ಹಕ್ಕುಗಳಿವೆ. ಕುವೈತಿನಲ್ಲಿ ಮನೆಗೆಲಸದವರಿಗಾಗಿ 2015ರಲ್ಲಿ ಕಾಯ್ದೆ ಬಂತು. ದಿನಕ್ಕೆ 12 ತಾಸಿಗಿಂತ ಹೆಚ್ಚು ದುಡಿಸಬಾರದು. ವಾರಕ್ಕೆ ಒಂದು ದಿನ ರಜೆ ಕೊಡಬೇಕು. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು. ಆದರೆ ಕಾಯ್ದೆ ತಾನೇ ನಡೆದು ಬಾಗಿಲಿಗೆ ಬರುವುದಿಲ್ಲ. ಗೊತ್ತಿದ್ದವರು ಕೇಳಬೇಕು.

ತೊಂದರೆಯಾದರೆ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಅದರ ಫೋನ್ ನಂಬರನ್ನು ಹೋಗುವ ಮುನ್ನವೇ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಇದ್ದರೆ ಸಾಲದು, ಚೀಟಿಯಲ್ಲೂ ಇರಲಿ. ಫೋನ್ ಕಸಿದುಕೊಂಡಾರು. ಇಲ್ಲಿಂದ ಕೇಳಲು ಸರ್ಕಾರದ ಪುಕ್ಕಟೆ ನಂಬರ್ 1800 11 3090.

ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಹೋಗುವವರು ಕಣ್ಣು ತೆರೆದು ಹೋಗಲಿ. ಹೋದ ದಾರಿಯಲ್ಲೇ ತಿರುಗಿ ಬರುವಂತೆ ಹೋಗಲಿ. ಮೊದಲು ನಾವು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದುತ್ತೇವೆ. ಓದಿ, ಬೇಡ ಅನ್ನಿಸಿದರೆ ಬೇಡ ಅನ್ನೋಣ.

ಹೊಸ ಪದಗಳು

ಗುಳೆ: ದುಡಿಮೆಗಾಗಿ ಊರು ಬಿಟ್ಟು ಹೋಗುವುದು
ವೀಸಾ: ಬೇರೆ ದೇಶದೊಳಗೆ ಬರಲು ಆ ದೇಶ ಕೊಡುವ ಅನುಮತಿ
ಕರಾರು ಪತ್ರ: ಮಾಲೀಕ ಮತ್ತು ಕೆಲಸದವರು ಒಪ್ಪಿ ಬರೆದ ಕಾಗದ
ಪಾವತಿ: ಹಣ ಕೊಟ್ಟಿದ್ದಕ್ಕೆ ಗುರುತಿನ ಚೀಟಿ, ರಶೀದಿ

ಉತ್ತರ ಹೇಳಿರಿ

1. ಭೇಟಿ ವೀಸಾದ ಮೇಲೆ ದುಡಿಯಬಹುದೇ?
2. ಕರಾರು ಪತ್ರದಲ್ಲಿ ಏನೇನು ಬರೆದಿರಬೇಕು?
3. 40,000 ರೂಪಾಯಿ ಸಾಲಕ್ಕೆ ನೂರಕ್ಕೆ 2 ರೂಪಾಯಿಯಂತೆ ಒಂದು ತಿಂಗಳ ಬಡ್ಡಿ ಎಷ್ಟು?

ಕೂಡಿ ಮಾತಾಡಿರಿ

ನಿಮ್ಮ ಓಣಿಯಿಂದ ಯಾರು ಎಲ್ಲಿಗೆ ದುಡಿಯಲು ಹೋಗಿದ್ದಾರೆ? ಅವರ ವಿಳಾಸ ಮನೆಯವರ ಹತ್ತಿರ ಇದೆಯೇ? ಇಲ್ಲದಿದ್ದರೆ ಇವತ್ತೇ ಕೇಳಿ, ನಿಮ್ಮ ಕೈಯಾರೆ ಬರೆದಿಡಿರಿ.