ಒಂದೇ ಸೂರಿನಡಿ ಅಂಗಡಿ ಮತ್ತು ಅಡುಗೆಮನೆ: ‘ಈಟಲಿ’ ಮಾರುಕಟ್ಟೆ ಕಲಿಸುವ ಲೆಕ್ಕ

ತರಕಾರಿ, ಹಣ್ಣು, ಹಾಲಿನ ಪದಾರ್ಥ ಮೊದಲಾದ ಬೇಗ ಕೆಡುವ ಸರಕುಗಳ ವ್ಯಾಪಾರದಲ್ಲಿ ತೊಡಗಿದ ವರ್ತಕನಿಗೆ ಪ್ರತಿ ಸಂಜೆ ಎದುರಾಗುವ ಪ್ರಶ್ನೆ ಒಂದೇ: ಉಳಿದ ಮಾಲನ್ನು ಏನು ಮಾಡುವುದು? ಬೆಲೆ ಇಳಿಸಿ ಮಾರಿದರೆ ಲಾಭ ಕರಗುತ್ತದೆ. ಮರುದಿನಕ್ಕೆ ಇಟ್ಟರೆ ಗಿರಾಕಿಯ ವಿಶ್ವಾಸ ಕರಗುತ್ತದೆ. ಎಸೆದರೆ ಅಸಲೇ ಹೋಗುತ್ತದೆ. ಇನ್ನೊಂದು ಕಡೆ, ಹೋಟೆಲು ನಡೆಸುವವನು ಪ್ರತಿ ಬೆಳಿಗ್ಗೆ ಅದೇ ಸರಕನ್ನು ಪೇಟೆಯ ದರಕ್ಕೆ ಕೊಳ್ಳುತ್ತಿರುತ್ತಾನೆ. ಈ ಇಬ್ಬರೂ ಒಂದೇ ಯಜಮಾನಿಕೆಯಲ್ಲಿ, ಒಂದೇ ಸೂರಿನಡಿ ಇದ್ದರೆ ಲೆಕ್ಕ ಹೇಗೆ ಬದಲಾಗುತ್ತದೆ? ಈ ಪ್ರಶ್ನೆಗೆ ಬಹು ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದ ಸಂಸ್ಥೆ ಇಟಲಿಯ ‘ಈಟಲಿ’. ಇಂಗ್ಲಿಷಿನ ‘ಈಟ್’ ಮತ್ತು ‘ಇಟಲಿ’ ಎಂಬ ಎರಡು ಪದಗಳ ಜೋಡಣೆಯಿಂದ ಈ ಹೆಸರು ಬಂದಿದೆ. ಈ ಸಂಸ್ಥೆಯ ಏಳುಬೀಳುಗಳೆರಡರಲ್ಲಿಯೂ ಸಣ್ಣ ವರ್ತಕರಿಗೆ ಮತ್ತು ಕಿರು ಉದ್ದಿಮೆದಾರರಿಗೆ ಪಾಠಗಳಿವೆ.

ಹಿನ್ನೆಲೆ

ಈಟಲಿಯ ಸ್ಥಾಪಕರಾದ ಆಸ್ಕರ್ ಫಾರಿನೆಟ್ಟಿಯವರು ಮೂಲತಃ ಆಹಾರ ವ್ಯಾಪಾರದವರಲ್ಲ. ಅವರ ಕುಟುಂಬ ‘ಯೂನಿಯೂರೋ’ ಎಂಬ ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಮಳಿಗೆಗಳ ಸರಣಿಯನ್ನು ನಡೆಸುತ್ತಿತ್ತು. ಅದನ್ನು ಮಾರಿದ ನಂತರ ಅವರು ಆಹಾರ ಕ್ಷೇತ್ರಕ್ಕೆ ಬಂದರು. 2007ರ ಜನವರಿಯಲ್ಲಿ ಟ್ಯೂರಿನ್ ನಗರದ ಲಿಂಗೊಟ್ಟೊ ಪ್ರದೇಶದಲ್ಲಿ ಮೊದಲ ಮಳಿಗೆ ತೆರೆಯಿತು. ಅದಕ್ಕಾಗಿ ಆಯ್ದುಕೊಂಡದ್ದು ಕಾರ್ಪಾನೊ ಎಂಬ ಹಳೆಯ ಮದ್ಯ ತಯಾರಿಕಾ ಸಂಸ್ಥೆಯ ಬಳಕೆ ತಪ್ಪಿದ್ದ ಕಾರ್ಖಾನೆಯನ್ನು. ಪದಾರ್ಥಗಳ ಆಯ್ಕೆಯಲ್ಲಿ, ಸ್ಥಳೀಯ ಆಹಾರ ಪರಂಪರೆಯ ರಕ್ಷಣೆಗಾಗಿ ಇಟಲಿಯಲ್ಲೇ ಹುಟ್ಟಿದ ‘ಸ್ಲೋ ಫುಡ್’ ಸಂಘಟನೆಯ ಸಲಹೆಯನ್ನು ಪಡೆಯಲಾಯಿತು.

ಮುಂದೆ 2012ರಲ್ಲಿ ರೋಮ್ ನಗರದ ಬಳಕೆಯಿಲ್ಲದ ವಿಮಾನ ಪ್ರಯಾಣಿಕರ ನಿಲ್ದಾಣದ ಕಟ್ಟಡದಲ್ಲಿ, 2014ರಲ್ಲಿ ಮಿಲಾನಿನ ಹಳೆಯ ಸ್ಮೆರಾಲ್ಡೊ ನಾಟಕಮಂದಿರದಲ್ಲಿ ಮಳಿಗೆಗಳು ತೆರೆದವು. ಪಾಳುಬಿದ್ದ ಆದರೆ ಊರಿನ ಜನಕ್ಕೆ ಪರಿಚಿತವಾದ ಕಟ್ಟಡವನ್ನು ಹಿಡಿಯುವುದರಲ್ಲಿ ಒಂದು ವ್ಯಾಪಾರಿ ಸೂಕ್ಷ್ಮವಿದೆ: ವಿಳಾಸ ಹೇಳುವ ಶ್ರಮವೇ ಇಲ್ಲ.

ನ್ಯೂಯಾರ್ಕ್ ಮಳಿಗೆಯ ಒಳಗೆ

ಅಮೆರಿಕದ ಮೊದಲ ಈಟಲಿ ನ್ಯೂಯಾರ್ಕ್ ನಗರದ ಐದನೆಯ ಅವೆನ್ಯೂವಿನ 200ನೆಯ ಸಂಖ್ಯೆಯ ಕಟ್ಟಡದಲ್ಲಿ, ಮ್ಯಾಡಿಸನ್ ಸ್ಕ್ವೇರ್ ಉದ್ಯಾನದ ಎದುರು, 2010ರ ಆಗಸ್ಟ್ 31ರಂದು ಆರಂಭವಾಯಿತು. ವಿಸ್ತೀರ್ಣ ಸುಮಾರು 50,000 ಚದರ ಅಡಿ. ಬಾಣಸಿಗ ಮಾರಿಯೊ ಬಟಾಲಿ, ಹೋಟೆಲು ಉದ್ಯಮಿ ಜೋ ಬಾಸ್ಟಿಯಾನಿಚ್ ಮತ್ತು ಅವರ ತಾಯಿ, ಪಾಕಪ್ರವೀಣೆ ಲಿಡಿಯಾ ಬಾಸ್ಟಿಯಾನಿಚ್ ಇದರ ಅಮೆರಿಕದ ಪಾಲುದಾರರಲ್ಲಿ ಪ್ರಮುಖರಾಗಿದ್ದರು.

ಒಳಗೆ ಕಾಲಿಟ್ಟವನಿಗೆ ಇದು ಅಂಗಡಿಯೋ ಹೋಟೆಲೋ ಎಂಬ ಗೊಂದಲವಾಗುವುದು ಸಹಜ. ದ್ವಾರದ ಬಳಿಯೇ ಕಾಫಿ ಮತ್ತು ‘ಜೆಲಾಟೊ’ ಎಂಬ ಇಟಲಿಯ ಐಸ್‌ಕ್ರೀಂ. ಒಳಗೆ ಬ್ರೆಡ್ಡಿನ ಒಲೆ, ಹಸಿ ಪಾಸ್ತಾ, ಗಿಣ್ಣು, ಮೀನು, ಮಾಂಸ, ತರಕಾರಿಗಳ ವಿಭಾಗಗಳು. ನಡುವೆ ಜನ ನಿಂತೇ ತಿನ್ನಲು ಅಮೃತಶಿಲೆಯ ಮೇಜುಗಳಿರುವ ‘ಪಿಯಾಝಾ’, ಅಂದರೆ ಊರಚೌಕ. ಮೀನಿನ ಕಟ್ಟೆಯ ಪಕ್ಕದಲ್ಲಿಯೇ ಮೀನಿನ ಅಡುಗೆಯ ಹೋಟೆಲು, ತರಕಾರಿಯ ಪಕ್ಕದಲ್ಲಿಯೇ ತರಕಾರಿ ಅಡುಗೆಯದು. ಮೇಜಿನ ಮೇಲೆ ತಿಂದ ಪದಾರ್ಥ ಹಿಡಿಸಿದರೆ ಅದೇ ಎಣ್ಣೆ, ಅದೇ ಪಾಸ್ತಾ, ಅದೇ ಗಿಣ್ಣು ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿ ಸಿಗುತ್ತದೆ. ಅಂದರೆ ಊಟದ ತಟ್ಟೆಯೇ ಮಾಲಿನ ನಮೂನೆ. ಅದಕ್ಕೂ ಗಿರಾಕಿ ಹಣ ಕೊಟ್ಟಿರುತ್ತಾನೆ. ಇತರ ಕಂಪೆನಿಗಳು ನಮೂನೆಯನ್ನು ಜಾಹೀರಾತು ಖರ್ಚಿಗೆ ಬರೆಯುತ್ತವೆ. ಇಲ್ಲಿ ಅದು ಆದಾಯದ ಬದಿಗೆ ಬರುತ್ತದೆ.

ಆರಂಭದಲ್ಲಿ ಜನರ ಗಮನ ಸೆಳೆದ ಇನ್ನೊಂದು ವ್ಯವಸ್ಥೆ ಎಂದರೆ, ಕೊಂಡ ತರಕಾರಿಯನ್ನು ಉಚಿತವಾಗಿ ಸುಲಿದು, ಹೆಚ್ಚಿ ಕೊಡಲು ನೇಮಿಸಿದ್ದ ನೌಕರ. ಅಡುಗೆ ಗೊತ್ತಿಲ್ಲದ ಗಿರಾಕಿ ಅಪರಿಚಿತ ತರಕಾರಿಯನ್ನು ಕೊಳ್ಳುವುದಿಲ್ಲ. ಆ ಹಿಂಜರಿಕೆಯನ್ನು ತೆಗೆಯಲು ಒಬ್ಬ ನೌಕರನ ಸಂಬಳ ಸಾಕು. ಕಪಾಟುಗಳ ಮೇಲೆ ಪದಾರ್ಥ ಯಾವ ಪ್ರಾಂತ್ಯದ್ದು, ಹೇಗೆ ತಯಾರಾಯಿತು ಎಂಬ ವಿವರಣೆಯ ಫಲಕಗಳಿವೆ. ಅಡುಗೆ ಕಲಿಸುವ ತರಗತಿಗಳೂ ನಡೆಯುತ್ತವೆ. ತಿನ್ನುವುದು, ಕೊಳ್ಳುವುದು, ಕಲಿಯುವುದು ಎಂಬ ಮೂರನ್ನು ಸಂಸ್ಥೆ ತನ್ನ ಸೂತ್ರವೆಂದು ಹೇಳಿಕೊಂಡಿದೆ.

ಪರವಾನಗಿಯ ಶಿಸ್ತನ್ನೂ ಇಲ್ಲಿ ಕಾಣಬಹುದು. ನ್ಯೂಯಾರ್ಕ್ ರಾಜ್ಯದ ಕಾನೂನಿನಂತೆ ದಿನಸಿ ಅಂಗಡಿಯಲ್ಲಿ ದ್ರಾಕ್ಷಾಮದ್ಯ ಮಾರುವಂತಿಲ್ಲ. ಆದ್ದರಿಂದ ಮದ್ಯದ ಮಳಿಗೆಯನ್ನು ಪ್ರತ್ಯೇಕ ದ್ವಾರವಿರುವ ಬೇರೆ ಅಂಗಡಿಯಾಗಿಯೇ ರೂಪಿಸಬೇಕಾಯಿತು. ಒಂದೇ ಸೂರಿನಡಿ ಹಲವು ವಹಿವಾಟು ನಡೆಸುವವರು ಪ್ರತಿ ವಹಿವಾಟಿನ ಕಾನೂನನ್ನೂ ಬೇರೆಬೇರೆಯಾಗಿ ಓದಬೇಕೆಂಬುದಕ್ಕೆ ಇದು ನಿದರ್ಶನ.

ಬಾಡಿಗೆಯ ಲೆಕ್ಕ

ದೊಡ್ಡ ನಗರದ ನಡುಭಾಗದಲ್ಲಿ ಬಾಡಿಗೆಯು ಗಿರಾಕಿ ಬಂದರೂ ಬಾರದಿದ್ದರೂ ನಿಲ್ಲದ ಸ್ಥಿರ ವೆಚ್ಚ. ಬರೀ ದಿನಸಿ ಅಂಗಡಿಗೆ ಸಂಜೆಯೇ ವ್ಯಾಪಾರ. ಬರೀ ಹೋಟೆಲಿಗೆ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಹೊತ್ತು. ಉಳಿದ ವೇಳೆಯ ಬಾಡಿಗೆಯನ್ನು ಈ ಕೆಲವೇ ಗಂಟೆಗಳ ವ್ಯಾಪಾರ ಹೊರಬೇಕು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ದಿನಸಿ, ರಾತ್ರಿ ಮತ್ತೆ ಊಟ ಎಂಬ ಏರ್ಪಾಡಿನಲ್ಲಿ ಅದೇ ಬಾಡಿಗೆ ಹೆಚ್ಚು ಗಂಟೆಗಳ ಮೇಲೆ ಹಂಚಿಹೋಗುತ್ತದೆ. ಚದರ ಅಡಿಗೆ ಎಷ್ಟು ಮಾರಾಟ ಎಂಬುದರ ಜೊತೆಗೆ, ಯಾವ ಗಂಟೆಗೆ ಎಷ್ಟು ಮಾರಾಟ ಎಂಬ ಪಟ್ಟಿಯನ್ನೂ ವರ್ತಕರು ಇಟ್ಟುಕೊಳ್ಳಬೇಕೆಂಬುದು ಇಲ್ಲಿನ ಪಾಠ.

ಉಳಿದ ಮಾಲಿನ ಲೆಕ್ಕ

ಆರಂಭದ ಪ್ರಶ್ನೆಗೆ ಈಗ ಬರಬಹುದು. ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ಈಟಲಿಯ ಅಂಕಿಅಂಶವಲ್ಲ. ವರ್ತಕನೊಬ್ಬ ಕಿಲೋಗೆ 40 ರೂಪಾಯಿಯಂತೆ 100 ಕಿಲೋ ತರಕಾರಿ ಕೊಂಡನೆನ್ನಿ. ಅಸಲು 4,000 ರೂ. ಸಂಜೆಯೊಳಗೆ 80 ಕಿಲೋ ತರಕಾರಿ ಕಿಲೋಗೆ 60 ರೂಪಾಯಿಯಂತೆ ಮಾರಾಟವಾಯಿತು. ಬಂದ ಹಣ 4,800 ರೂ. ಉಳಿದ 20 ಕಿಲೋ ನಷ್ಟವಾದರೆ ಒಟ್ಟು ಲಾಭ 800 ರೂ. ಮಾತ್ರ.

ಅದೇ ಸೂರಿನಡಿ ಅವನದೇ ಅಡುಗೆಮನೆಯಿದ್ದು, ಉಳಿದುದರಲ್ಲಿ ಕೆಡದೆ ಚೆನ್ನಾಗಿರುವ 15 ಕಿಲೋವನ್ನು ಆ ರಾತ್ರಿಯ ಅಡುಗೆಗೆ ಬಳಸಿದರೆ, ಅಡುಗೆಮನೆ ಹೊರಗಿನಿಂದ ಕೊಳ್ಳಬೇಕಾಗಿದ್ದ 600 ರೂಪಾಯಿಯ ಸರಕು ಉಳಿಯಿತು. ನಷ್ಟ 20 ಕಿಲೋದಿಂದ 5 ಕಿಲೋಗೆ ಇಳಿಯಿತು. ಅಸಲು ದರದಲ್ಲಿಯೇ ವರ್ಗಾಯಿಸಿದರೆ ಅಂಗಡಿಯ ಒಟ್ಟು ಲಾಭ 1,400 ರೂ. ಆಗುತ್ತದೆ.

ಇಲ್ಲಿ ಲೆಕ್ಕಪತ್ರದ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಮನೆಯವರದೇ ಅಡುಗೆಮನೆಯೆಂದು 15 ಕಿಲೋವನ್ನು ಲೆಕ್ಕಕ್ಕೆ ಬರೆಯದೆ ಕೊಟ್ಟರೆ ಅಂಗಡಿಯ ಲಾಭ 800 ರೂಪಾಯಿಯಲ್ಲಿಯೇ ನಿಂತು, ಅಡುಗೆಮನೆ ಇಲ್ಲದ ಲಾಭವನ್ನು ತೋರಿಸುತ್ತದೆ. 60 ರೂಪಾಯಿಯ ಮಾರಾಟ ದರದಲ್ಲಿ ಬರೆದರೆ ಅಂಗಡಿಯ ಲಾಭ 1,700 ರೂ. ಆಗಿ, ಅಡುಗೆಮನೆ 300 ರೂಪಾಯಿಯ ಹೆಚ್ಚಿನ ಹೊರೆ ಹೊರುತ್ತದೆ. ಇಡೀ ಸಂಸ್ಥೆಯ ಲಾಭ ಮೂರೂ ಸಂದರ್ಭಗಳಲ್ಲಿ ಒಂದೇ. ಆದರೆ ಯಾವ ವಿಭಾಗವನ್ನು ಬೆಳೆಸಬೇಕು, ಯಾವುದನ್ನು ಮುಚ್ಚಬೇಕು ಎಂದು ಯಜಮಾನ ನಿರ್ಧರಿಸುವುದು ವಿಭಾಗದ ಲಾಭವನ್ನು ನೋಡಿಯೇ. ತಪ್ಪು ವರ್ಗಾವಣೆ ದರದಿಂದ ಒಳ್ಳೆಯ ಅಂಗಡಿಯನ್ನು ಮುಚ್ಚಿ, ನಷ್ಟದ ಹೋಟೆಲನ್ನು ಬೆಳೆಸಿದವರಾಗುತ್ತೇವೆ. ಸಾಮಾನ್ಯವಾಗಿ ಅಸಲು ದರದ ವರ್ಗಾವಣೆಯೂ, ದಿನನಿತ್ಯದ ಹಾಳು ಮಾಲಿನ ಪ್ರತ್ಯೇಕ ಪುಸ್ತಕವೂ ಸುರಕ್ಷಿತ ಮಾರ್ಗ.

ಒಂದು ಎಚ್ಚರಿಕೆಯೂ ಅಗತ್ಯ. ಅಡುಗೆಮನೆ ಕೆಟ್ಟ ಮಾಲಿನ ತಿಪ್ಪೆಯಲ್ಲ. ಉಳಿಯಲಿರುವುದನ್ನು ಮಧ್ಯಾಹ್ನವೇ ಅಂದಾಜು ಮಾಡಿ ಸಂಜೆಯ ಅಡುಗೆಪಟ್ಟಿಯನ್ನು ಅದಕ್ಕೆ ಹೊಂದಿಸಿದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಹಾಳಾದ ಮೇಲೆ ಒಲೆಗೆ ಹಾಕಿದವನು ಅಸಲಿನ ಜೊತೆಗೆ ಹೆಸರನ್ನೂ ಕಳೆದುಕೊಳ್ಳುತ್ತಾನೆ.

ಕಾಯುವ ಸರಕು ಮತ್ತು ಬ್ಯಾಂಕಿನ ಸಾಲ

ತರಕಾರಿಯ ಕಷ್ಟ ಬೇಗ ಕೆಡುವುದು. ಗಿಣ್ಣಿನ ಕಷ್ಟ ತಡವಾಗಿ ಮಾಗುವುದು. ಈಟಲಿಯ ಕಪಾಟಿನಲ್ಲಿ ಎದ್ದು ಕಾಣುವ ‘ಪಾರ್ಮಿಜಾನೊ ರೆಜ್ಜಾನೊ’ ಗಿಣ್ಣಿನ ಒಂದು ಚಕ್ರ ಸುಮಾರು 40 ಕಿಲೋ ತೂಗುತ್ತದೆ. ಅದಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಿಸದೆ ಅದಕ್ಕೆ ಆ ಹೆಸರಿನ ಮುದ್ರೆ ಸಿಗುವುದಿಲ್ಲ. ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ತಟ್ಟಿ, ಶಬ್ದದಿಂದಲೇ ಒಳಗಿನ ದೋಷವನ್ನು ಗುರುತಿಸುತ್ತಾರೆ. ಅನೇಕ ಚಕ್ರಗಳನ್ನು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮಾಗಿಸುವುದುಂಟು.

ಹಾಲು ಹಾಕಿದ ರೈತನಿಗೆ ಹಣ ಇಂದು ಕೊಡಬೇಕು. ಗಿಣ್ಣಿನ ಹಣ ಬರುವುದು ವರ್ಷದ ನಂತರ. ಈ ನಡುವಿನ ದುಡಿಯುವ ಬಂಡವಾಳ ಎಲ್ಲಿಂದ? ರೆಜ್ಜೊ ಎಮಿಲಿಯಾದ ಕ್ರೆಡಿಟೊ ಎಮಿಲಿಯಾನೊ ಬ್ಯಾಂಕು ದಶಕಗಳಿಂದ ಗಿಣ್ಣಿನ ಚಕ್ರಗಳನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತಿದೆ. ಚಕ್ರಗಳು ಬ್ಯಾಂಕಿಗೆ ಸೇರಿದ ಸಂಸ್ಥೆಯ ಉಗ್ರಾಣದಲ್ಲಿಯೇ ಮಾಗುತ್ತವೆ. ಪ್ರತಿ ಚಕ್ರದ ಮೇಲೂ ತಯಾರಕನ ಗುರುತು ಇರುವುದರಿಂದ ಅದಲುಬದಲಿಗೆ ಅವಕಾಶವಿಲ್ಲ. ಸಾಲ ತೀರದಿದ್ದರೆ ಬ್ಯಾಂಕು ಗಿಣ್ಣನ್ನು ಮಾರಿ ಹಣ ಪಡೆಯಬಹುದು. ದಾಸ್ತಾನಿನ ಮೇಲೆ ಸಾಲ ನಮ್ಮ ವರ್ತಕರಿಗೂ ಹೊಸದಲ್ಲ. ಆದರೆ ಸರಕಿನ ದರ್ಜೆ, ಗುರುತು ಮತ್ತು ವಯಸ್ಸು ಪ್ರಶ್ನಾತೀತವಾಗಿದ್ದಾಗ ಬ್ಯಾಂಕಿಗೆ ಅದು ಎಷ್ಟು ಗಟ್ಟಿ ಭದ್ರತೆಯಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ನಂಬಿಕೆಯ ಬುಡದಲ್ಲಿರುವುದು ಹೆಸರಿನ ಕಾನೂನು ರಕ್ಷಣೆ. ಐರೋಪ್ಯ ಒಕ್ಕೂಟದಲ್ಲಿ ಗೊತ್ತಾದ ಪ್ರದೇಶದಲ್ಲಿ, ಗೊತ್ತಾದ ವಿಧಾನದಿಂದ ತಯಾರಾದ ಗಿಣ್ಣಿಗೆ ಮಾತ್ರ ಆ ಹೆಸರು. ‘ಪಾರ್ಮೆಸಾನ್’ ಎಂಬ ಪದವನ್ನೂ ಅಲ್ಲಿ ಬೇರೆಯವರು ಬಳಸುವಂತಿಲ್ಲ. ಆದರೆ ಅಮೆರಿಕದಲ್ಲಿ ‘ಪಾರ್ಮೆಸಾನ್’ ಸಾಮಾನ್ಯ ನಾಮವಾಗಿದ್ದು, ಅಲ್ಲಿಯೇ ತಯಾರಾದ ಗಿಣ್ಣಿಗೂ ಸಲ್ಲುತ್ತದೆ. ಕಾನೂನು ಕಾಯದ ಕಡೆ ಅಂಗಡಿಯ ಫಲಕ ಮತ್ತು ನೌಕರನ ಮಾತೇ ಅಸಲಿ ಮಾಲನ್ನು ಕಾಯಬೇಕು. ಈಟಲಿಯ ‘ಕಲಿಸುವ’ ಸೂತ್ರದ ವ್ಯಾಪಾರಿ ಅರ್ಥ ಇದೇ.

ಎಡವಿದ ಕಡೆಗಳು

ಯಶಸ್ಸಿನ ಕಥೆಯನ್ನು ಮಾತ್ರ ಓದಿದವನು ಅರ್ಧ ಪಾಠ ಕಲಿತಂತೆ. 2013ರ ಡಿಸೆಂಬರಿನಲ್ಲಿ ಷಿಕಾಗೊ ಮಳಿಗೆ ತೆರೆದಾಗ ಜನ ಎಷ್ಟು ನುಗ್ಗಿದರೆಂದರೆ, ಕಪಾಟು ತುಂಬಿಸಿಕೊಳ್ಳಲು ಕೆಲವೇ ದಿನಗಳಲ್ಲಿ ಮಳಿಗೆಯನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಬೇಡಿಕೆಯ ಅಂದಾಜು ತಪ್ಪಿದರೆ ಗೆಲುವಿಗೂ ದಂಡ ತೆರಬೇಕು.

ಎರಡನೆಯದು ವ್ಯಕ್ತಿಯ ಹೆಸರಿನ ಅವಲಂಬನೆ. 2017ರ ಡಿಸೆಂಬರಿನಲ್ಲಿ ಪಾಲುದಾರ ಬಟಾಲಿಯವರ ಮೇಲೆ ಅಸಭ್ಯ ವರ್ತನೆಯ ಆರೋಪಗಳು ಬಂದಾಗ, ಅವರ ಹೆಸರಿನ ಪದಾರ್ಥಗಳನ್ನು ಕಪಾಟಿನಿಂದ ತೆಗೆಯಬೇಕಾಯಿತು. 2019ರಲ್ಲಿ ಅವರು ಪಾಲು ಮಾರಿ ಹೊರನಡೆದರು. 2022ರಲ್ಲಿ ಬಾಸ್ಟನ್‌ನ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರು ನಿರ್ದೋಷಿ ಎಂಬ ತೀರ್ಪು ಬಂದಿತಾದರೂ, ವ್ಯಾಪಾರದ ತೀರ್ಮಾನ ಅದಕ್ಕೆ ಮೊದಲೇ ಆಗಿಹೋಗಿತ್ತು. ಪಾಲುದಾರಿಕೆ ಕರಾರಿನಲ್ಲಿ ಹೊರನಡೆಯುವ ಷರತ್ತು ಏಕೆ ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಗಾತ್ರದ ಮೋಹ. 2017ರ ನವೆಂಬರಿನಲ್ಲಿ ಬೊಲೋನ್ಯ ನಗರದ ಹೊರವಲಯದಲ್ಲಿ ಸುಮಾರು ಒಂದು ಲಕ್ಷ ಚದರ ಮೀಟರಿನ ‘ಫಿಕೊ ಈಟಲಿ ವರ್ಲ್ಡ್’ ತೆರೆಯಿತು. ಹೊಲ, ಕೊಟ್ಟಿಗೆ, ಕಾರ್ಖಾನೆ, ಹೋಟೆಲು ಎಲ್ಲವೂ ಒಂದೆಡೆ. ವರ್ಷಕ್ಕೆ 60 ಲಕ್ಷ ಜನ ಬರುವ ನಿರೀಕ್ಷೆ. ಜನ ಅಷ್ಟು ಬರಲಿಲ್ಲ, ನಷ್ಟ ಬೆಳೆಯಿತು. ಉಚಿತವಾಗಿದ್ದ ಪ್ರವೇಶಕ್ಕೆ 2021ರಲ್ಲಿ ಶುಲ್ಕ ವಿಧಿಸಲಾಯಿತು. 2024ರಲ್ಲಿ ಹೆಸರನ್ನೇ ಬದಲಾಯಿಸಬೇಕಾಯಿತು. ನಗರದ ನಡುವೆ ದಾರಿಹೋಕನೂ ಗಿರಾಕಿ. ಹೊರವಲಯಕ್ಕೆ ಉದ್ದೇಶಪೂರ್ವಕ ಬರುವವನು ಮಾತ್ರ ಗಿರಾಕಿ. ಸೂತ್ರ ಒಂದೇ ಆದರೂ ಸ್ಥಳ ಬದಲಾದೊಡನೆ ಲೆಕ್ಕ ಬದಲಾಯಿತು.

ಕೊರೋನಾ ಕಾಲದಲ್ಲಿ ಹೋಟೆಲುಗಳು ಮುಚ್ಚಿದಾಗ, ಅಂಗಡಿಗೆ ಗಿರಾಕಿ ತರುತ್ತಿದ್ದ ಸೆಳೆತವೇ ಇಲ್ಲವಾಯಿತು. 2022ರಲ್ಲಿ ಇನ್ವೆಸ್ಟ್‌ಇಂಡಸ್ಟ್ರಿಯಲ್ ಎಂಬ ಹೂಡಿಕೆ ಸಂಸ್ಥೆ ಈಟಲಿಯ ಶೇ. 52ರಷ್ಟು ಪಾಲನ್ನು ಪಡೆಯುವ ಒಪ್ಪಂದವಾಯಿತು. ಸ್ಥಾಪಕ ಕುಟುಂಬ ಹಾಗೂ ಹಳೆಯ ಪಾಲುದಾರರು ಅಲ್ಪಸಂಖ್ಯಾತ ಪಾಲುದಾರರಾದರು. ಬೇಗ ಬೆಳೆಯಲು ತಂದ ಬಂಡವಾಳದ ಬೆಲೆ ಕೆಲವೊಮ್ಮೆ ಯಜಮಾನಿಕೆಯೇ ಆಗಿರುತ್ತದೆ.

ವರ್ತಕರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಪ್ರತಿದಿನ ಹಾಳಾಗುವ ಮಾಲಿನ ತೂಕ ಮತ್ತು ಅಸಲು ಬೆಲೆ ಪುಸ್ತಕದಲ್ಲಿ ದಾಖಲಾಗುತ್ತಿದೆಯೇ, ಅಥವಾ ವರ್ಷಾಂತ್ಯದಲ್ಲಿ ಒಟ್ಟು ಲಾಭದೊಳಗೆ ಮರೆಯಾಗುತ್ತಿದೆಯೇ?

2. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಮಾಲಿಗೆ ವರ್ಗಾವಣೆ ಚೀಟಿ ಇದೆಯೇ? ಸಾಮಾನ್ಯ ಉಪಾಹಾರ ಗೃಹಗಳ ಶೇ. 5ರ ಜಿಎಸ್‌ಟಿ ದರದಲ್ಲಿ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಅಂಗಡಿಗೆಂದು ಜಮೆ ಪಡೆದ ಮಾಲು ಅಡುಗೆಮನೆಗೆ ಹೋದರೆ ಆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಚೀಟಿ ಇಲ್ಲದಿದ್ದರೆ ಇದನ್ನು ಲೆಕ್ಕ ಹಾಕುವುದು ಹೇಗೆ?

3. ಮಾಲಿನ ಮೂಲವನ್ನು ಗಿರಾಕಿಗೆ ತಿಳಿಸಲಾಗುತ್ತಿದೆಯೇ? ನಮ್ಮ ಭೌಗೋಳಿಕ ಸೂಚಕಗಳ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರಲ್ಲಿ. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡಾ, ನಂಜನಗೂಡು ರಸಬಾಳೆಗಳಿಗೆ ಆ ಮಾನ್ಯತೆ ದೊರೆತಿದೆ. ಅದನ್ನು ಚೀಲದ ಮೇಲೆ, ಫಲಕದ ಮೇಲೆ, ಮಾತಿನಲ್ಲಿ ಬಳಸಿಕೊಳ್ಳದಿದ್ದರೆ ಮಾನ್ಯತೆ ಕಡತದಲ್ಲಿಯೇ ಉಳಿಯುತ್ತದೆ.

4. ಎರಡನೆಯ ಮಳಿಗೆ ತೆರೆಯುವಾಗ, ಮೊದಲನೆಯದು ನಡೆದದ್ದು ಸೂತ್ರದಿಂದಲೋ ಸ್ಥಳದಿಂದಲೋ ಎಂದು ಬಿಡಿಸಿ ನೋಡಲಾಗಿದೆಯೇ?

ಐವತ್ತು ಸಾವಿರ ಚದರ ಅಡಿಯ ಮಳಿಗೆ ಎಲ್ಲರ ಪಾಲಿಗಿಲ್ಲ. ಅದರ ಅಗತ್ಯವೂ ಇಲ್ಲ. ಸಂಜೆ ಬಾಗಿಲು ಹಾಕುವ ಮುನ್ನ ಉಳಿದ ಮಾಲನ್ನು ತೂಗಿ ಒಂದು ಸಾಲು ಬರೆದಿಡಲು ಎಷ್ಟು ಸಣ್ಣ ಅಂಗಡಿಯಾದರೂ ಸಾಕು. ಒಂದು ತಿಂಗಳು ಹೀಗೆ ಬರೆದವನಿಗೆ ತನ್ನ ಲಾಭ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿಯೇ ಕಾಣುತ್ತದೆ.